ಮಹಡಿ ಮೇಲಿನ ಮೇಕೆ

ಸಂಶೋಧನಾಲಯದಲ್ಲಿ ಮೇಕೆಗಳ ಕೊಟ್ಟಿಗೆ ಗುಡಿಸುತ್ತಿದ್ದವನಿಗೆ ಬೀದಿಯವರು ಸೈಂಟಿಸ್ಟ್ ಎಂದು ಹೆಸರಿಟ್ಟಿದ್ದರು. ಅಲ್ಲವೆಂದು ಅವನೂ ಯಾವತ್ತೂ ಹೇಳಿರಲಿಲ್ಲ. ಕೊಟ್ಟಿಗೆಗೆ ಸುಣ್ಣ ಬಳಿಯುವ ದಿನ ಡಾಕ್ಟರಮ್ಮ ಒಂದು ಬಿಳಿ ಮೇಕೆಯ ಹಗ್ಗವನ್ನು ಅವನ ಕೈಗಿತ್ತರು.

"ಇವತ್ತು ನಿಮ್ಮನೇಲಿ ಇಟ್ಕೊಳ್ಳಿ. ಸಂಜೆ ಹಾಲು ಪರೀಕ್ಷೆಗೆ ಬೇಕು, ಪೂರ್ತಿ ತನ್ನಿ. ನಿಮ್ಮ ಕೆಲಸ ಕಾಯಂ ಮಾಡೋ ಮಾತೂ ಆಗಲೇ ಆಡೋಣ."

ಮಹಡಿ ಮನೆಯ ಬಾಲ್ಕನಿಯಲ್ಲಿ ಅದನ್ನು ಕಟ್ಟಿ ಬಾಯಿ ಮುಚ್ಚಿಕೊಂಡಿದ್ದರೆ ಕತೆಯೇ ಇರುತ್ತಿರಲಿಲ್ಲ. ಹೆಂಡತಿ ಮೂಗು ಮುರಿದಳು. ಅವನಿಗೆ ಅಭಿಮಾನ ಕೆರಳಿತು.

"ಇದೇನು ಅಂಥಿಂಥ ಮೇಕೆ ಅಂದ್ಕೊಂಡ್ಯಾ? ಮನುಷ್ಯರ ಜೀನೊಂದನ್ನ ಮೇಕೆ ಭ್ರೂಣಕ್ಕೆ ಸೇರಿಸ್ತಾರೆ. ಆ ಮರಿ ದೊಡ್ಡದಾದ ಮೇಲೆ ಕೊಡೋ ಹಾಲಲ್ಲೇ ಔಷಧಿ ಇರುತ್ತೆ. ರಕ್ತ ಹೆಪ್ಪುಗಟ್ಟೋ ಕಾಯಿಲೆಗೆ. ಫ್ಯಾಕ್ಟರೀಲಿ ಮಾಡೋದು ಕಷ್ಟ, ಕೆಚ್ಚಲಲ್ಲಿ ಸಲೀಸು."

ಅವಳ ಕಿವಿಗೆ ಬಿದ್ದದ್ದು ಔಷಧಿ ಎಂಬುದೊಂದೇ. ಅವಳ ಬಾಯಲ್ಲಿ ಮಾತು ನಿಂತರೆ ಜರಡಿಯಲ್ಲಿ ನೀರು ನಿಂತೀತು. ಅವನು ಸೊಪ್ಪು ತರಲು ಹೋಗಿ ಬರುವಷ್ಟರಲ್ಲಿ ಒಂದು ಲೋಟ ಹಾಲು ಕೆಳಮನೆಯ ಅಜ್ಜಿಗೆ, ಒಂದು ಲೋಟ ಪಕ್ಕದ ದರ್ಜಿಗೆ, ಉಳಿದದ್ದು ಬೀದಿಗೆಲ್ಲ ಹಂಚಿಹೋಗಿತ್ತು. ವರ್ಷಗಳಿಂದ ಮೆಟ್ಟಿಲು ಮುಟ್ಟದ ಅಜ್ಜಿ ಮಹಡಿ ಹತ್ತಿ ಬಂದು ಮೇಕೆಯ ತಲೆ ಸವರುತ್ತಿದ್ದರು.

"ಮಂಡಿ ಬೆಣ್ಣೆ ಹಾಗಾಗಿದೆ ಕಣೋ. ನಿನ್ನ ಹೊಟ್ಟೆ ತಣ್ಣಗಿರಲಿ," ಎಂದರು.

ದರ್ಜಿ ನೋವಿದ್ದ ತೋಳನ್ನು ಗಿರಗಿರ ತಿರುಗಿಸಿ ತೋರಿಸಿದ. ಸಂಜೆ ಸೈಂಟಿಸ್ಟ್ ಎಷ್ಟು ಹಿಂಡಿದರೂ ಹನಿ ಇಳಿಯಲಿಲ್ಲ. ಮೇಕೆ ಅವನ ಅಂಗಿಯ ತೋಳನ್ನು ತಿಂದಿತು.

ಖಾಲಿ ಕ್ಯಾನು ಹಿಡಿದು ಹೋದವನು ಡಾಕ್ಟರಮ್ಮನ ಮುಂದೆ ಎಲ್ಲವನ್ನೂ ಒಪ್ಪಿಕೊಂಡ. ಕಾಯಂ ಕೆಲಸ ಹೋಗಲಿ, ಇರುವ ಕೆಲಸವೂ ಹೋಯಿತೆಂದುಕೊಂಡ. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

"ಜೀನು ಸೇರಿಸಿದ ಮೇಕೆನ ಯಾರಾದ್ರೂ ಮನೆಗೆ ಕಳಿಸ್ತಾರೇನ್ರೀ? ಅವು ಬೀಗ ಹಾಕಿದ ಕೋಣೇಲಿವೆ. ಅಲ್ಲಿಗೆ ನಿಮ್ಮನ್ನೇ ಬಿಟ್ಟಿಲ್ಲ. ಇದು ಮಾಮೂಲಿ ಮೇಕೆ. ಎರಡರ ಹಾಲನ್ನೂ ಹೋಲಿಸಿ ನೋಡೋಕೆ ಇಟ್ಕೊಂಡಿರೋದು."

ಅವನಿಗೆ ಹೋದ ಜೀವ ಬಂದಂತಾಯಿತು.

"ಆದ್ರೆ ಇದನ್ನ ನಂಬಿ ಯಾರಾದ್ರೂ ತಮ್ಮ ಮಾತ್ರೆ ಬಿಟ್ಟರೆ? ಮೊದಲು ಹೋಗಿ ನಿಜ ಹೇಳಿ. ಬೆಳಿಗ್ಗೆ ಹಾಲು ತನ್ನಿ. ಕಾಯಂ ಮಾತು ಆಮೇಲೆ ನೋಡೋಣ."

ಮನೆಗೆ ಬಂದರೆ ಅಜ್ಜಿ ಇನ್ನೂ ಬಾಲ್ಕನಿಯಲ್ಲೇ ಇದ್ದರು, ದರ್ಜಿಯೂ ಇದ್ದ. ಇವನು ತಲೆ ತಗ್ಗಿಸಿ ಇದ್ದದ್ದನ್ನು ಇದ್ದಂತೆ ಹೇಳಿದ. ದರ್ಜಿಯ ತೋಳು ಮೆಲ್ಲಗೆ ಕೆಳಗಿಳಿಯಿತು. ಅಜ್ಜಿ ಎದ್ದು ನಿಲ್ಲಲು ನೋಡಿ, ಮಂಡಿ ಹಿಡಿದುಕೊಂಡು ಮತ್ತೆ ಕೂತರು.

"ಅಯ್ಯೋ, ಹತ್ತೋಕೆ ಮೊದಲೇ ಹೇಳಬಾರದಿತ್ತೇನೋ? ಈಗ ನಾನು ಇಳಿಯೋದು ಹೇಗೆ?"

"ನನ್ನ ನೋಡಬೇಡಿ, ಭುಜ ಮತ್ತೆ ಹಿಡ್ಕೊಂಡಿದೆ," ಎಂದ ದರ್ಜಿ.

ಸೈಂಟಿಸ್ಟ್ ಬೆನ್ನು ಬಗ್ಗಿಸಿದ. ಅಜ್ಜಿಯ ಮೇಲೆ ಅವನಿಗೆ ನಿಜವಾದ ಅಕ್ಕರೆ, ಅಜ್ಜಿಗೆ ತೂಕವೂ ನಿಜವಾಗಿಯೇ ಇತ್ತು. ಅವರನ್ನು ಹೊತ್ತು ಏದುಸಿರು ಬಿಡುತ್ತ ಅರ್ಧ ಮೆಟ್ಟಿಲುಗಳನ್ನು ಇಳಿದಾಗ ಅಜ್ಜಿ ಅವನ ಕಿವಿಯ ಹತ್ತಿರ ಬಾಯಿ ತಂದರು.

"ಅಸಲಿ ಮೇಕೆ ಕೋಣೇಲಿದೆ ಅಂದ್ಯಲ್ಲಪ್ಪ, ಅದನ್ನ ಒಂದು ದಿನಕ್ಕೆ ಕಳಿಸ್ತಾರೇನೋ ಕೇಳಿ ನೋಡು."