ಅತ್ತೆಯ ಸಿಲಿಕೋನ್ ಪರೀಕ್ಷೆ

ನಮ್ಮತ್ತೆಯನ್ನು ಮೆಚ್ಚಿಸಿದವರು ಮೊಳಕಾಲ್ಮೂರಿನಲ್ಲಿ ಒಬ್ಬರಾದರೂ ಇದ್ದರೆ ತೋರಿಸಿ, ನಾನು ಚಳ್ಳಕೆರೆಯಿಂದ ನಡೆದೇ ಹೋಗಿ ಅವರ ಕಾಲಿಗೆ ಬೀಳುತ್ತೇನೆ. ಸೊಸೆಯ ಸಾರು ನೀರು, ಪೂಜಾರಿಯ ಮಂತ್ರ ಅರ್ಧಂಬರ್ಧ, ಪಕ್ಕದ ಮನೆಯವರು ನೇಯ್ದ ಸೀರೆಯ ಅಂಚು ಸೊಟ್ಟ. ದೇವರಿಗೆ ಉಡಿಸಿದ ಸೀರೆಯನ್ನೂ ಬಿಟ್ಟವಳಲ್ಲ. ಕೈಮುಗಿದುಕೊಂಡೇ ನೆರಿಗೆಯಲ್ಲಿ ತಪ್ಪು ಹುಡುಕುತ್ತಾಳೆ!

ಈಕೆ ನನ್ನ ಸೋದರಮಾವನ ಹೆಂಡತಿ. ಹುಟ್ಟಿದ್ದು ರೇಷ್ಮೆ ನೇಯುವ ಮನೆಯಲ್ಲಿ, ಸೇರಿದ್ದೂ ಅಂಥದೇ ಮನೆಯನ್ನು. ಆ ಮನೆಗಳಲ್ಲಿ ತೆಲುಗು ಮನೆಮಾತು. ಅತ್ತೆಯ ಕಾನೂನು ಮಾತ್ರ ಬೇರೆ: ಮುದ್ದು ಬಂದರೆ ತೆಲುಗು, ಸಿಟ್ಟು ಬಂದರೆ ಕನ್ನಡ. ನನಗೆ ಬುದ್ಧಿ ಬಂದಾಗಿನಿಂದ ನನ್ನ ಪಾಲಿಗೆ ಬಂದದ್ದೆಲ್ಲ ಕನ್ನಡವೇ.

ಇನ್ನು ಆ ಬಾಯಿ! ಯಾರ ಮನೆಗೆ ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು ಬೇಡವೆಂದು ಹೋದರು, ಯಾರ ಅಳಿಯನ ತಲೆಯ ಮೇಲಿರುವುದು ಕೊಂಡು ತಂದ ಕೂದಲು, ಎಲ್ಲವೂ ಆಕೆಯ ಜಗುಲಿಯಿಂದ ಹೊರಟು ಸಂಜೆಯೊಳಗೆ ಊರು ಸುತ್ತಿ ಬರುತ್ತವೆ. ಇಂಥವಳ ಕೈಗೆ ನನ್ನ ಗುಟ್ಟೊಂದು ಸಿಕ್ಕಿಹಾಕಿಕೊಂಡಿತ್ತು.

ಗುಟ್ಟು ಇಷ್ಟೇ. ನನ್ನ ಎದೆಯ ಬಲಭಾಗ ಎಲ್ಲರಂತೆ ಬೆಳೆಯಿತು, ಎಡಭಾಗ ಬೆಳೆಯಲೇ ಇಲ್ಲ. ಕಾಯಿಲೆಯೇನಲ್ಲ, ಕೆಲವರಿಗೆ ಹಾಗಾಗುತ್ತದಂತೆ. ಆದರೆ ಬ್ಯಾಂಕಿನ ಕೌಂಟರಿನಲ್ಲಿ ಕೂತರೂ, ಮದುವೆಮನೆಯಲ್ಲಿ ನಿಂತರೂ ನನ್ನ ಕೈ ಸೆರಗಿನ ಮೇಲೇ ಇರುತ್ತಿತ್ತು. ಬೆನ್ನು ಬಾಗಿಸಿ ನಡೆಯುವುದೇ ಅಭ್ಯಾಸವಾಯಿತು. ಮದುವೆಯ ಮಾತು ಬಂದಾಗಲೆಲ್ಲ ಏನೋ ನೆಪ ಹೇಳಿ ನಾನೇ ಹಿಂದೆ ಸರಿಯುತ್ತಿದ್ದೆ. ವಿಷಯ ಗೊತ್ತಿದ್ದದ್ದು ಅವ್ವನಿಗೆ ಮತ್ತು ಅತ್ತೆಗೆ. ನನ್ನ ರವಿಕೆಗಳನ್ನೆಲ್ಲ ಹೊಲಿಯುವವಳು ಅತ್ತೆಯೇ. ಎಡಗಡೆ ಒಳಗೊಂದು ಜೇಬು ಮಾಡಿ ಹತ್ತಿ ತುಂಬುತ್ತಿದ್ದಳು. ಚಳ್ಳಕೆರೆಯಲ್ಲಿ ಟೈಲರುಗಳಿಗೇನು ಬರವೇ? "ಕಂಡೋರ ಟೇಪು ನಿನ್ನ ಮೈ ಮುಟ್ಟಿದ್ರೆ ನೋಡು ಮತ್ತೆ" ಎಂದು ಗದರುತ್ತಿದ್ದಳು. ಹಾಗೆಂದು ಹೊಲಿಗೆಯೇನು ಸೊಗಸೇ? ಕುತ್ತಿಗೆ ಗದ್ದಕ್ಕೆ ತಾಗುತ್ತಿತ್ತು, ಹುಕ್ಕು ಕೈಗೆ ಎಟುಕುತ್ತಿರಲಿಲ್ಲ.

ಕೊನೆಗೆ ಸಾಕಾಗಿ ಸಿಲಿಕೋನ್ ಇಂಪ್ಲಾಂಟ್ ಹಾಕಿಸಿಕೊಳ್ಳುವುದೆಂದು ತೀರ್ಮಾನಿಸಿದೆ. ಆಸ್ಪತ್ರೆಯೆಂದರೆ ಅವ್ವನಿಗೆ ತಲೆ ಸುತ್ತುತ್ತದೆ. ಹಾಗಾಗಿ ದಾವಣಗೆರೆಗೆ ನನ್ನ ಜೊತೆ ಹೊರಟದ್ದು ಯಾರು? ಬೇರೆ ಯಾರು ಹೊರಡುತ್ತಾರೆ!

ಡಾಕ್ಟರಮ್ಮ ತಾಳ್ಮೆಯ ಹೆಂಗಸು. ಮೇಜಿನ ಮೇಲೆ ಮಾದರಿಗಳನ್ನು ಸಾಲಾಗಿ ಇಟ್ಟರು. ಗುಂಡಗಿನವು, ನೀರಹನಿಯ ಆಕಾರದವು, ಉಬ್ಬು ಹೆಚ್ಚಿದ್ದವು, ಕಡಿಮೆಯಿದ್ದವು. "ಆಸೆಪಟ್ಟ ಸೈಜೆಲ್ಲ ಹಾಕೋಕಾಗಲ್ಲ. ಎದೆಯ ಅಗಲ ಎಷ್ಟಿದೆ, ಚರ್ಮ ಎಷ್ಟು ಹಿಗ್ಗುತ್ತೆ, ಬಲಗಡೆ ಹೇಗಿದೆ, ಅದನ್ನೆಲ್ಲ ನೋಡಿ ಆರಿಸಬೇಕು" ಎಂದರು. ಅಷ್ಟರಲ್ಲಿ ಅತ್ತೆ ಒಂದನ್ನು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದಾಗಿತ್ತು. ಉಗುರಿನಿಂದ ಕೆರೆದಳು, ಮೂಸಿದಳು, ಅಂಗೈಯಲ್ಲಿ ತೂಗಿದಳು. ಆಮೇಲೆ ಡಾಕ್ಟರಮ್ಮನನ್ನು ಕೇಳಿದಳು: "ಬೆಂಕಿಪೆಟ್ಟಿಗೆ ಐತೇನಮ್ಮ?"

ರೇಷ್ಮೆಯವರ ಮನೆಯಲ್ಲಿ ಎಳೆಯೊಂದನ್ನು ಸುಟ್ಟು, ವಾಸನೆ ನೋಡಿ, ಬೂದಿ ತಿಕ್ಕಿ ಅಸಲೋ ನಕಲಿಯೋ ಹೇಳುತ್ತಾರೆ. ಆ ಪರೀಕ್ಷೆಯನ್ನು ಈಕೆ ಸಿಲಿಕೋನಿನ ಮೇಲೆ ನಡೆಸಲು ಹೊರಟಿದ್ದಳು! ಡಾಕ್ಟರಮ್ಮ ಮಾದರಿಯನ್ನು ಮೆಲ್ಲಗೆ ವಾಪಸು ಇಸಿದುಕೊಂಡರು.

"ಸುಡದೆ ಅಸಲಿ ಅಂತ ಹೆಂಗೆ ನಂಬೋದು? ಹೋಗ್ಲಿ, ಎಷ್ಟು ವರ್ಷ ಬಾಳಿಕೆ ಬರ್ತೈತೆ?"

"ಜೀವನಪೂರ್ತಿ ಅಂತ ಹೇಳಲ್ಲಮ್ಮ. ಆಗಾಗ ತೋರಿಸಿಕೊಳ್ತಾ ಇರಬೇಕು. ಮುಂದೆ ಬದಲಾಯಿಸಬೇಕಾಗಬಹುದು."

"ನಮ್ ಸೀರೆ ಮೂರು ತಲೆಮಾರು ಬರ್ತೈತೆ" ಎಂದು ಅತ್ತೆ ಮೂಗು ಮುರಿದಳು. "ಅಲ್ಲ, ಒಂದು ಕಡೆ ಹಳೇದು ಬಿಟ್ಟು ಒಂದು ಕಡೆ ಹೊಸದು ಹಾಕಿದ್ರೆ ಜೋಡಿ ಆಗ್ತೈತಾ? ಬಣ್ಣ ಹಾಕೋವಾಗ ಒಂದೇ ಹಂಡೇಲಿ ಅದ್ದಿದ್ರೇನೇ ಜೋಡಿ."

"ಅತ್ತೆ, ಸುಮ್ನಿರ್ರಿ" ಎಂದೆ. ನೆಲ ಬಾಯಿ ಬಿಡಬಾರದೇ ಅನ್ನಿಸಿತ್ತು.

ಹೊರಡುವಾಗ ಡಾಕ್ಟರಮ್ಮ ಒಂದು ಸಲಹೆ ಕೊಟ್ಟರು. ಮೂರು ಅಳತೆ ಬರೆದುಕೊಟ್ಟು, ತೆಳು ಬಟ್ಟೆಯ ಚೀಲಗಳಲ್ಲಿ ಅಷ್ಟಷ್ಟು ಅಕ್ಕಿ ತುಂಬಿ ರವಿಕೆಯೊಳಗೆ ಇಟ್ಟುಕೊಂಡು ಮನೆಯಲ್ಲಿ ಓಡಾಡಿ ನೋಡಿ, ಯಾವುದು ಒಗ್ಗುತ್ತದೆಂದು ಅಂದಾಜು ಸಿಗುತ್ತದೆ ಎಂದರು. ಹೇಳಿದ್ದು ನನಗೆ. ಕೇಳಿಸಿಕೊಂಡದ್ದು ಅತ್ತೆ.

"ಅಕ್ಕಿ ಚುಚ್ತೈತೆ, ನವಣೆ ನುಣ್ಣಗಿರ್ತೈತೆ" ಎಂದು ಅಕ್ಕಿಯನ್ನು ತಳ್ಳಿಹಾಕಿ, ರೇಷ್ಮೆ ತುಂಡುಗಳಲ್ಲಿ ಚೀಲ ಹೊಲಿದು ನವಣೆ ತುಂಬಿದಳು. ಸರಿ, ಕೊಡಿ ಎಂದರೆ ಕೊಟ್ಟಳೇ? ಮೊದಲು ತಾನು ಹಾಕಿಕೊಂಡು ನೋಡಬೇಕಂತೆ! ಅರವತ್ತು ದಾಟಿದ ಹೆಂಗಸು ಎಡಗಡೆಗೊಂದು ನವಣೆ ಚೀಲ ಏರಿಸಿಕೊಂಡು ಮಗ್ಗದ ಮನೆ, ನಲ್ಲಿ, ಸಂತೆ ಎಲ್ಲ ಸುತ್ತಿದಳು. ಅಷ್ಟೂ ಸಾಲದೆ ಚಳ್ಳಕೆರೆಯ ಬಸ್ಸನ್ನೂ ಹತ್ತಿದಳು. ದಾರಿಯಲ್ಲಿ ಚೀಲದ ಹೊಲಿಗೆ ಬಿಟ್ಟಿತು. ಬಸ್ ಸ್ಟ್ಯಾಂಡಿನಲ್ಲಿ ಕರೆದುಕೊಂಡು ಬರಲು ಹೋದ ನನಗೆ ಕಂಡದ್ದೇನು? ಇಳಿದು ಬರುತ್ತಿರುವ ಅತ್ತೆ, ಆಕೆಯ ಹಿಂದೆ ನವಣೆಯ ಗೆರೆ, ಗೆರೆಯ ಮೇಲೆ ಹೋಟೆಲಿನವರ ಕೋಳಿಗಳ ಮೆರವಣಿಗೆ. ನಾನು ಯಾರೋ ಗುರುತಿಲ್ಲದವಳಂತೆ ಹತ್ತು ಹೆಜ್ಜೆ ಮುಂದೆ ನಡೆದೆ.

"ದೊಡ್ಡ ಚೀಲದ್ದೇ ಹಾಕಿಸ್ಕೋ. ಮುಂದೆ ಕುಗ್ಗಿದ್ರೆ?" ಇದು ಆಕೆಯ ತೀರ್ಪು. ಸಿಲಿಕೋನ್ ಒಗೆದರೆ ಕುಗ್ಗುವ ಬಟ್ಟೆಯೇ? ಡಾಕ್ಟರಮ್ಮ ನನ್ನ ಎದೆಯ ಅಗಲ ಅಳೆದು, ಬಲಗಡೆಗೆ ಹೊಂದುವಂತೆ ನೀರಹನಿ ಆಕಾರದ ನಡುವಿನ ಅಳತೆಯನ್ನು ಆರಿಸಿದರು. ತನ್ನ ಮಾತು ನಡೆಯಲಿಲ್ಲವೆಂದು ಅತ್ತೆ ನಾನು ಆಪರೇಷನ್ ಥಿಯೇಟರಿಗೆ ಹೋಗುವವರೆಗೂ ಮುಖ ಊದಿಸಿಕೊಂಡೇ ಇದ್ದಳು.

ಗಾಯ ಮಾಗಿದ ಮೇಲೆ ಮೊಳಕಾಲ್ಮೂರಿಗೆ ಹೋದೆ. ಬೀದಿಯಲ್ಲಿ ನೆಟ್ಟಗೆ ನಡೆದದ್ದು ಅದೇ ಮೊದಲು, ಕೈ ಎಲ್ಲಿಡಬೇಕೆಂದೇ ತೋಚಲಿಲ್ಲ. ಅತ್ತೆಯ ಮನೆ ಇನ್ನೂ ಸ್ವಲ್ಪ ದೂರವಿರುವಾಗ ಪಕ್ಕದ ಮನೆಯಾಕೆ ನನ್ನನ್ನು ತಡೆದು ದನಿ ತಗ್ಗಿಸಿ ಕೇಳಿದಳು: "ನಿಮ್ಮತ್ತೆಗೆ ಈಗ ಹೆಂಗೈತವ್ವ? ಎಡಗಡೆ ಗೆಡ್ಡೆ ಆಗಿತ್ತಲ್ಲ, ಇಳೀತಾ?"

"ಗೆಡ್ಡೆಯಾ?"

"ಅಯ್ಯೋ, ನಾವೇ ಕಣ್ಣಾರೆ ನೋಡಿದ್ವಲ್ಲ, ಒಂದು ಕಡೆ ಊದಿಕೊಂಡಿತ್ತು. ದಾವಣಗೆರೆ ಆಸ್ಪತ್ರೆ ಯಾರಿಗೆ ಅಂತ ಕೇಳಿದ್ರೆ ನನಗೇ ಅಂದ್ಳು. ಈ ಗೆಡ್ಡೆ ತೋರ್ಸೋಕೇ ಹೋಗ್ತೀನಿ ಅಂತಿದ್ಳು. ಪಾಪ, ನೀನೂ ಜೊತೇಲಿ ಅಲೆದೆ. ಸಿದ್ದಾಪುರದಿಂದ ಸೊಪ್ಪು ತರ್ಸಿ ಅರೆದು ಕೊಟ್ಟೆ, ಹಚ್ಚಿಕೊಂಡ್ಳು. ಗೌರಸಮುದ್ರದ ಮಾರಮ್ಮಂಗೆ ಹರಕೆನೂ ಹೊತ್ತೀನಿ."

ನಾನು ಅಲ್ಲೇ ನಿಂತುಬಿಟ್ಟೆ. ಯಾರ ಗುಟ್ಟನ್ನೂ ಸಂಜೆಯವರೆಗೆ ಇಟ್ಟುಕೊಳ್ಳಲಾರದ ಬಾಯಿ ಅದು. ನನ್ನ ವಿಷಯ ಮಾತ್ರ ಇಷ್ಟು ವರ್ಷವಾದರೂ ಆ ಬಾಯಿಂದ ಹೊರಗೆ ಬಿದ್ದಿರಲಿಲ್ಲ. ಊರು ಕೇಳಿದಾಗ ಅದು ತನ್ನದೇ ಎಂದು ಒಪ್ಪಿಕೊಂಡು, ಇಲ್ಲದ ಗೆಡ್ಡೆಗೆ ಸೊಪ್ಪಿನ ರಸ ಹಚ್ಚಿಕೊಂಡು ಕೂತಿದ್ದಳು. ಅಳು ಬಂತು.

ಮನೆಯಲ್ಲಿ ಅತ್ತೆ ಹೊಸ ರವಿಕೆಯೊಂದನ್ನು ಮಡಿಚಿ ಇಟ್ಟಿದ್ದಳು. ಒಳಗೆ ಕೈಹಾಕಿ ನೋಡಿದೆ. ಎಡಗಡೆ ಜೇಬಿರಲಿಲ್ಲ.

"ಇದೇ ಕೊನೇದು" ಎಂದಳು ಮುಖ ಆಚೆ ತಿರುಗಿಸಿ. "ಇನ್ನು ಯಾವ ಟೈಲರ್ ಹತ್ರ ಬೇಕಾದ್ರೂ ಹೊಲಿಸ್ಕೋ. ನಂಗೂ ಕಣ್ಣು ಕಾಣಲ್ಲ."

ರವಿಕೆ ಹಾಕಿಕೊಂಡು ಬಂದು ಎದುರಿಗೆ ನಿಂತೆ. ತಪ್ಪು ಹುಡುಕುವ ಆ ಕಣ್ಣು ಮೇಲಿಂದ ಕೆಳಗೆ, ಎಡದಿಂದ ಬಲಕ್ಕೆ ಓಡಾಡಿತು. ಎಲ್ಲಿಯೂ ನಿಲ್ಲಲಿಲ್ಲ.

"ಬಾಗುಂದಿ, ತಲ್ಲಿ" ಎಂದಳು. ಚೆನ್ನಾಗಿದೆ, ತಾಯಿ. ತೆಲುಗಿನಲ್ಲಿ.

ಕುತ್ತಿಗೆ ಎಂದಿನಂತೆ ಗದ್ದಕ್ಕೆ ತಾಗುತ್ತಿತ್ತು, ಹುಕ್ಕು ಕೈಗೆ ಎಟುಕುತ್ತಿರಲಿಲ್ಲ. ನಾನು ಎರಡೂ ಕೈ ಎತ್ತಿ ನೆಟ್ಟಗೆ ನಿಂತು, "ಟೇಪು ತಗೊಳ್ರಿ ಅತ್ತೆ, ಇನ್ನೊಂದಕ್ಕೆ ಅಳತೆ ತಗೊಳ್ರಿ" ಎಂದೆ.