ಮೀಟರಪ್ಪನವರ ಪ್ರಿಂಟರ್ ಪ್ರತಿಷ್ಠಾಪನೆ

“ಇನ್ನು ಮೇಲೆ ಈ ಮನೆಯವರು ಯಾರೂ ಜೆರಾಕ್ಸ್ ಅಂಗಡಿಯ ಮೆಟ್ಟಿಲು ಹತ್ತಕೂಡದು!” ಎಂದು ಮೀಟರಪ್ಪನವರು ಶನಿವಾರ ಸಂಜೆ ಘೋಷಿಸಿದರು. ಘೋಷಿಸುವಾಗ ಅವರ ಬಗಲಲ್ಲಿ ಒಂದು ದೊಡ್ಡ ರಟ್ಟಿನ ಪೆಟ್ಟಿಗೆಯಿತ್ತು, ಮುಖದಲ್ಲಿ ದಿಗ್ವಿಜಯ ಮುಗಿಸಿ ಬಂದ ಕಳೆಯಿತ್ತು. ಹೆಂಡತಿ ಆಗಷ್ಟೇ ಚಪ್ಪಲಿ ಮೆಟ್ಟಿಕೊಂಡು ಅದೇ ಜೆರಾಕ್ಸ್ ಅಂಗಡಿಗೆ ಹೊರಟಿದ್ದಳು.

“ನಾಳೆ ಭಾನುವಾರ ಕಣ್ರೀ, ಅಂಗಡಿ ಬಾಗಿಲು ಹಾಕಿರುತ್ತೆ. ಈಗಲೇ ತೆಗೆಸಿಕೊಂಡು ಬಂದುಬಿಡ್ತೀನಿ.”

“ಅವನು ಬಾಗಿಲು ಹಾಕಲಿ, ಬೀಗ ಜಡಿಯಲಿ. ಇದು ವೈರ್‌ಲೆಸ್ ಪ್ರಿಂಟರ್! ನೀನು ಅಡುಗೆಮನೆಯಲ್ಲಿ ಗುಂಡಿ ಒತ್ತಿದರೆ ಹಾಲಿನಲ್ಲಿ ಕಾಗದ ಉದುರುತ್ತೆ. ಚಪ್ಪಲಿ ಬಿಡು.”

ಆಕೆ ಚಪ್ಪಲಿ ಬಿಟ್ಟಳು. ಇಷ್ಟು ವರ್ಷ ಸಂಸಾರ ಮಾಡಿಯೂ ಗಂಡನ ಮಾತು ನಂಬುವ ಹೆಂಗಸರು ಇನ್ನೂ ಇದ್ದಾರೆ ಎಂಬುದಕ್ಕೆ ಆಕೆಯೇ ಸಾಕ್ಷಿ.

ಆಕೆಗೆ ಪ್ರಿಂಟ್ ಬೇಕಾಗಿದ್ದದ್ದು ಒಂದು ನಾಟಕ. ಆಸ್ಪತ್ರೆಯಲ್ಲಿ ಚೀಟಿ ಬರೆದುಕೊಡುವ ಕೆಲಸ ಅವಳದು. ಹಗಲೆಲ್ಲ ರೋಗಿಗಳ ಹೆಸರು ವಯಸ್ಸು ಬರೆದು ಬರೆದು, ಬಿಡುವಿನಲ್ಲಿ ಕದ್ದುಮುಚ್ಚಿ ಲ್ಯಾಪ್‌ಟಾಪಿನಲ್ಲಿ ಒಂದು ನಾಟಕ ಬರೆದು ಮುಗಿಸಿದ್ದಳು. ಜೀವನದಲ್ಲಿ ಮೊದಲನೆಯದು. ಬೀದಿಯ ಮಹಿಳಾ ಸಂಘದ ವಾರ್ಷಿಕೋತ್ಸವಕ್ಕೆ ಯಾವ ನಾಟಕ ಆಡಬೇಕೆಂದು ಗೊತ್ತುಮಾಡಲು ಭಾನುವಾರ ಸಂಜೆ ಹೆಂಗಸರೆಲ್ಲ ಇವರ ಮನೆಗೇ ಬರುವವರಿದ್ದರು. ಎಲ್ಲರೂ ಕೈಯಲ್ಲಿ ಪ್ರತಿ ಹಿಡಿದು ಪಾತ್ರ ಹಂಚಿಕೊಂಡು ಓದಬೇಕು. ಹಿಡಿಸಿದರೆ ಇವಳ ನಾಟಕ. ಹಿಡಿಸದಿದ್ದರೆ, ಪ್ರತಿ ವರ್ಷ ಒಂದೇ ನಾಟಕಕ್ಕೆ ಬೇರೆ ಬೇರೆ ಸೀರೆ ಉಡಿಸಿ ಆಡಿಸುವ ಮೂಲೆಮನೆಯಾಕೆಯ ನಾಟಕವೇ ಈ ಸಲವೂ. ಇದನ್ನು ನೆನೆದೇ ಅವಳಿಗೆ ಎರಡು ದಿನದಿಂದ ಊಟ ಸೇರುತ್ತಿರಲಿಲ್ಲ.

ನಾಟಕ ಏನು ಎತ್ತ ಎಂದು ಮೀಟರಪ್ಪನವರು ಒಮ್ಮೆ ಕೇಳಿದ್ದರು. “ರಾಜನ ಕಥೆ,” ಎಂದಿದ್ದಳು. “ಓಹೋ, ಐತಿಹಾಸಿಕ!” ಎಂದು ತಲೆದೂಗಿ, ಓದುವ ಗೋಜಿಗೆ ಹೋಗದೆ ಪೇಪರಿನಲ್ಲಿ ಮುಳುಗಿದ್ದರು.

ಮೀಟರಪ್ಪ ಅನ್ನುವುದು ಬೀದಿಯವರು ಇಟ್ಟ ಹೆಸರು. ವಿದ್ಯುತ್ ಕಚೇರಿಯಲ್ಲಿ ಮೀಟರ್ ಓದುವ ಉದ್ಯೋಗ. ಕಂಡವರ ಮನೆಯ ಮೀಟರ್ ಓಡುವುದನ್ನು ನೋಡಿ ನೋಡಿ, ತಮ್ಮ ಮನೆಯಲ್ಲಿ ಒಂದು ಬಲ್ಬು ಉರಿದರೂ ಅವರ ಎದೆಯೊಳಗೆ ಚಕ್ರ ತಿರುಗಿದಂತಾಗುತ್ತಿತ್ತು. ಮನೆಗೊಂದೇ ಕಾನೂನು: ಜನ ಇಲ್ಲದ ಕೋಣೆಯಲ್ಲಿ ದೀಪ ಉರಿಯಕೂಡದು. “ಯಾರಪ್ಪನ ಮನೆ ಕರೆಂಟು ಅಂತ ಉರಿಸ್ತಾ ಇದೀರಿ?” ಎಂಬುದು ಅವರ ಸುಪ್ರಭಾತ. ಹೆಂಡತಿ ಬಚ್ಚಲುಮನೆಯಲ್ಲಿ ಮುಖಕ್ಕೆ ಸೋಪು ಹಚ್ಚಿಕೊಂಡಿರುವಾಗಲೇ ಹೊರಗಿನಿಂದ ದೀಪ ಆರಿಸಿದ್ದುಂಟು. (“ಒಳಗಿದೀನಿ!” ಎಂದು ಆಕೆ ಕಿರುಚಿದರೆ, “ಇದ್ದೀನಿ ಅಂತ ಆಗಾಗ ಹೇಳ್ತಾ ಇರಬೇಕು!” ಎಂದು ಉತ್ತರ.) ಕೋಣೆಯಿಂದ ಹೊರಬೀಳುವಾಗ ಸ್ವಿಚ್ಚಿನ ಮೇಲೆ ಹೋಗಲು ಅವರ ಕೈ ಈಗ ಅವರ ಅಪ್ಪಣೆಯನ್ನೂ ಕಾಯುತ್ತಿರಲಿಲ್ಲ.

ಭಾನುವಾರ ಬೆಳಗ್ಗೆ ಪ್ರಿಂಟರ್ ಪ್ರತಿಷ್ಠಾಪನೆ ಸಾಂಗವಾಗಿಯೇ ಆಯಿತು. ಹಾಲಿನ ಮೇಜಿನ ಮೇಲೆ ವೈಫೈ ಡಬ್ಬಿಯ ಪಕ್ಕದಲ್ಲಿ ಪ್ರಿಂಟರ್ ಕೂತಿತು. ಅದರ ಬೆರಳಗಲದ ಪರದೆಯ ಮೇಲೆ ಮೀಟರಪ್ಪನವರು ತಮ್ಮ ಹೆಬ್ಬೆರಳಿನಿಂದ, ಉಸಿರು ಬಿಗಿಹಿಡಿದು, ಪಾಸ್‌ವರ್ಡ್ ಒತ್ತಿದರು. ಲ್ಯಾಪ್‌ಟಾಪಿಗೂ ಅದಕ್ಕೂ ಗಂಟು ಹಾಕಿದರು. ಯಂತ್ರ ಗರ್ ಅಂದು ಬಣ್ಣದ ಪಟ್ಟೆಗಳ ಒಂದು ಹಾಳೆ ಕೊಟ್ಟಿತು. ಅದನ್ನು ಹಿಡಿದುಕೊಂಡು ಒಳಗಿದ್ದ ತಮ್ಮ ವಯಸ್ಸಾದ ಅಮ್ಮನ ಹತ್ತಿರ ಓಡಿದರು.

“ಚೆನ್ನಾಗಿದೆ ಕಣೋ. ಏನಿದು?”

“ಟೆಸ್ಟ್ ಪೇಜಮ್ಮ.”

“ಪಾಸಾಯ್ತಾ?”

“ಫಸ್ಟ್ ಕ್ಲಾಸು!”

ಆ ಗಳಿಗೆಯಲ್ಲಿ ನಾಟಕ ಪ್ರಿಂಟ್ ಮಾಡಿಬಿಟ್ಟಿದ್ದರೆ ಈ ಕಥೆ ಇರುತ್ತಿರಲಿಲ್ಲ. ಆದರೆ ಮೀಟರಪ್ಪನವರದು ಮುಗಿದ ಕೆಲಸವನ್ನು ಮುಗಿಯಿತು ಎಂದು ಬಿಡುವ ಜೀವವಲ್ಲ. ಪ್ರಿಂಟರಿನ ಮುಂದಿನ ತಟ್ಟೆ ಹೊರಗೆ ಚಾಚಿದಾಗ ವೈಫೈ ಡಬ್ಬಿಗೆ ತಗುಲುತ್ತದೆ ಎಂದು ಅವರ ಕಣ್ಣಿಗೆ ಬಿತ್ತು. “ಡಬ್ಬಿಗೆ ಬೇರೆ ಜಾಗ ಮಾಡೋಣ,” ಎಂದು ಅದನ್ನು ಕಿತ್ತು ಪಕ್ಕದ ಸಾಮಾನು ಕೋಣೆಯ ಅಟ್ಟದ ಮೇಲೆ ಸ್ಥಾಪಿಸಿದರು. ಅದೊಂದು ಕಿಟಕಿಯಿಲ್ಲದ ಕತ್ತಲ ಗೂಡು. ಅಲ್ಲಿ ದೀಪಕ್ಕೂ ಪ್ಲಗ್ಗಿಗೂ ಸೇರಿ ಬಾಗಿಲ ಬಳಿ ಒಂದೇ ಸ್ವಿಚ್ಚು. ಇದು ಮೀಟರಪ್ಪನವರದೇ ಆವಿಷ್ಕಾರ. ಎಲೆಕ್ಟ್ರಿಷಿಯನ್ “ಬೇರೆ ಬೇರೆ ಇರಲಿ ಸಾರ್” ಎಂದು ಬಡಕೊಂಡರೂ, “ಮನುಷ್ಯ ಹೊರಗೆ ಬಂದ ಮೇಲೆ ಒಳಗೆ ಒಂದು ಸೊಳ್ಳೆಯಷ್ಟು ಕರೆಂಟೂ ಉಳಿಯಬಾರದು” ಎಂದು ಹಟ ಹಿಡಿದು ಮಾಡಿಸಿದ್ದರು.

ಡಬ್ಬಿಯ ದೀಪಗಳು ಮಿಟುಕಿ ಮಿಟುಕಿ ಹಸಿರಾದವು. ಸಂತೃಪ್ತರಾಗಿ ಹೊರಗೆ ಬಂದರು. ಕೈ ತನ್ನ ಕೆಲಸ ತಾನು ಮಾಡಿತು. ಟಕ್.

ಹಾಲಿಗೆ ಬಂದು ಲ್ಯಾಪ್‌ಟಾಪಿನಲ್ಲಿ ನಾಟಕ ತೆರೆದು, ಪ್ರತಿಗಳ ಸಂಖ್ಯೆ ಹಾಕಿ, ಹೆಂಡತಿಯನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡು, ಗುಂಡಿ ಒತ್ತಿದರು. ಪ್ರಿಂಟರ್ ತುಟಿ ಪಿಟಕ್ಕೆನ್ನಲಿಲ್ಲ. ಅದರ ಪರದೆಯ ಮೇಲೆ ‘ನೆಟ್‌ವರ್ಕ್ ಇಲ್ಲ’ ಎಂದು ಮೂಡಿತು.

“ಇದೇನ್ರೀ?”

“ಹೊಸದಲ್ವಾ, ನಾಚಿಕೊಳ್ತಿದೆ. ನೀನು ಹೋಗು, ನಿನ್ನ ನೋಡಿದರೆ ಕೆಲಸ ಮಾಡಲ್ಲ.”

ಮೊಬೈಲ್ ತೆಗೆದು ನೋಡಿದರು. ಅದರಲ್ಲಿ ಇಂಟರ್ನೆಟ್ಟು ಧಾರಾಳವಾಗಿ ಬರುತ್ತಿತ್ತು. (ಅದು ಸಿಮ್ಮಿನ ಇಂಟರ್ನೆಟ್ಟು ಎಂಬುದು ಮೊಬೈಲಿಗೆ ಗೊತ್ತಿತ್ತು, ಮೀಟರಪ್ಪನವರಿಗೆ ಹೊಳೆಯಲಿಲ್ಲ.) ಆದರೂ ಒಂದು ಅನುಮಾನ ಬಂದು ಸಾಮಾನು ಕೋಣೆಗೆ ನುಗ್ಗಿ, ಸ್ವಿಚ್ ಒತ್ತಿ, ಅಟ್ಟದತ್ತ ಕತ್ತೆತ್ತಿ ನಿಂತರು. ದೀಪಗಳು ಒಂದೊಂದಾಗಿ ಹತ್ತಿ ಹಸಿರಾದವು. ಡಬ್ಬಿ ನಿರಪರಾಧಿ! ಹೊರಗೆ ಬಂದರು. ಟಕ್. ಪ್ರಿಂಟರ್: ನೆಟ್‌ವರ್ಕ್ ಇಲ್ಲ.

ಅಲ್ಲಿಂದ ಶುರುವಾಯಿತು ನೋಡಿ ಪರದಾಟ. ಹಾಲಿನಿಂದ ಸಾಮಾನು ಕೋಣೆಗೆ, ಸಾಮಾನು ಕೋಣೆಯಿಂದ ಹಾಲಿಗೆ, ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡಿದರು. ಒಳಗೆ ಹೋದಾಗಲೆಲ್ಲ ಎಲ್ಲ ಹಸಿರು, ಹೊರಗೆ ಬಂದಾಗಲೆಲ್ಲ ಎಲ್ಲ ಶೂನ್ಯ. ಹಸಿರು ಕಂಡ ಕೂಡಲೇ ಹೊರಗೆ ಓಡಿಬರುತ್ತಿದ್ದರಿಂದ ಪ್ರಿಂಟರಿಗೆ ಕಣ್ಣು ಬಿಡಲೂ ಪುರುಸೊತ್ತಿರಲಿಲ್ಲ. ಪ್ರಿಂಟರನ್ನು ಪೂರ್ವಕ್ಕೆ ತಿರುಗಿಸಿದರು, ಪಶ್ಚಿಮಕ್ಕೆ ತಿರುಗಿಸಿದರು, ಕೆಳಗೆ ಎರಡು ದಪ್ಪ ಪುಸ್ತಕ ಇಟ್ಟು ಎತ್ತರಿಸಿದರು, ಕೊನೆಗೆ ಬೆನ್ನ ಮೇಲೆ ಒಂದು ಬಾರಿಸಿದರು. ತಿಂಡಿ ಆರಿತು, ಮಧ್ಯಾಹ್ನದ ಊಟವೂ ಆರಿತು.

“ಆ ಡಬ್ಬೀನ ಮೊದಲಿದ್ದ ಜಾಗಕ್ಕೇ ಇಡಬಾರದಾ?” ಎಂದಳು ಹೆಂಡತಿ.

“ಅಂದರೆ? ಒಂದು ಪ್ರಿಂಟರಿನ ಮುಂದೆ ನಾನು ಸೋತೆ ಅಂತ ಒಪ್ಪಿಕೊಳ್ಳಬೇಕಾ? ಕರೆಂಟಿನ ಇಲಾಖೆಯಲ್ಲಿ ಅನ್ನ ತಿನ್ನೋನು ನಾನು!”

“ಒಂದು ವೈರಾದರೂ ಹಾಕಿ ನೋಡಿ.”

“ವೈರ್‌ಲೆಸ್ಸಿಗೆ ವೈರ್ ಹಾಕೋದಾ? ಬೀದಿಯವರು ಕೇಳಿದರೆ ನಗ್ತಾರೆ ಕಣೇ.”

“ಬೀದಿಯವರು ಹೇಗೂ ಸಂಜೆ ಇಲ್ಲಿಗೇ ಬರ್ತಾರೆ. ಕೂತ್ಕೊಂಡೇ ನಗ್ತಾರೆ, ಬಿಡಿ.” ಅಷ್ಟು ಹೇಳುವಷ್ಟರಲ್ಲಿ ಅವಳ ಕಣ್ಣಂಚು ಒದ್ದೆಯಾಗಿತ್ತು. ಮೀಟರಪ್ಪನವರಿಗೆ ಕರುಳು ಚುರುಕ್ ಎಂದಿತು. ಚುರುಕ್ ಎಂದದ್ದಕ್ಕೆ ಅವರು ಮಾಡಿದ್ದು ಮಾತ್ರ ಇನ್ನೂ ಜೋರಾಗಿ ರೇಗಿದ್ದು. “ನಾನಿಲ್ಲದಾಗ ಯಾರೂ ಇದನ್ನು ಮುಟ್ಟಕೂಡದು!” ಎಂದು ಗುಡುಗಿ ಕಂಪನಿಗೆ ಫೋನ್ ಹಚ್ಚಿದರು.

ಬಹಳ ಹೊತ್ತು ಸಂಗೀತ ಕೇಳಿದ ಮೇಲೆ ಒಬ್ಬ ವಿನಯಶಾಲಿ ಸಿಕ್ಕಿದ.

“ಸರ್, ನಿಮ್ಮ ವೈಫೈ ದೀಪ ಹಸಿರಾಗಿದೆಯಾ?”

“ಒಂದು ನಿಮಿಷ.” ಒಳಗೆ ಓಡಿ, ಸ್ವಿಚ್ ಒತ್ತಿ, ಕಾದು: “ಹಸಿರೋ ಹಸಿರು ಸ್ವಾಮಿ! ಗದ್ದೆ ಇದ್ದ ಹಾಗಿದೆ.”

“ಈಗ ಪ್ರಿಂಟರ್ ಹತ್ತಿರ ಬನ್ನಿ ಸರ್.”

ಟಕ್. ಬಂದರು.

“ಏನು ತೋರಿಸ್ತಿದೆ ಸರ್?”

“ನೆಟ್‌ವರ್ಕ್ ಇಲ್ಲ ಅಂತಿದೆ!”

ವಿನಯಶಾಲಿ, “ಎಲ್ಲಾ ಆಫ್ ಮಾಡಿ ಆನ್ ಮಾಡಿ ಸರ್,” ಎಂದ. ಬೆಳಗ್ಗಿನಿಂದ ಅದನ್ನೇ ಮಾಡುತ್ತಿದ್ದೇನೆಂದು ಮೀಟರಪ್ಪನವರಿಗೆ ತಿಳಿದಿದ್ದರೆ ತಾನೆ!

ಸಂಜೆಯಾಯಿತು. ಹೆಂಗಸರು ಬಂದರು. ಮುಂದೆ ಟೀಚರಮ್ಮ, ಹಿಂದೆ ನರ್ಸಮ್ಮ, ಅವರ ಹಿಂದೆ ಇನ್ನೂ ಕೆಲವರು. ಎಲ್ಲರಿಗಿಂತ ಕೊನೆಗೆ ಮೂಲೆಮನೆಯಾಕೆ, ಕಂಕುಳಲ್ಲಿ ತನ್ನ ನಾಟಕದ ಪ್ರತಿಗಳ ಕಟ್ಟು. (ನಿನ್ನೆಯೇ ಜೆರಾಕ್ಸ್ ಮಾಡಿಸಿದ್ದು. ಇನ್ನೂ ಗರಿಗರಿಯಾಗಿತ್ತು.)

“ನಿಮ್ಮ ಪ್ರತಿ ಎಲ್ಲಿ?” ಎಂದು ಆಕೆ ನಗುನಗುತ್ತಲೇ ಕೇಳಿದಳು.

“ಬರ್ತಾ ಇದೆ,” ಎಂದಳು ಇವಳು.

“ಎಲ್ಲಿಂದ?”

ಎಲ್ಲರೂ ಮೇಜಿನ ಕಡೆ ನೋಡಿದರು. ಮೀಟರಪ್ಪನವರು ಕೆದರಿದ ಕೂದಲಲ್ಲಿ ಪ್ರಿಂಟರಿನ ಬಾಯೊಳಗೆ ಟಾರ್ಚು ಬಿಟ್ಟು ಇಣುಕುತ್ತಿದ್ದರು. “ಹಾಗಾದ್ರೆ ಸುಮ್ಮನೆ ಹೊತ್ತು ಯಾಕೆ ಕಳೆಯೋದು, ನನ್ನದನ್ನೇ ಓದಿಬಿಡೋಣ,” ಎಂದು ಮೂಲೆಮನೆಯಾಕೆ ಕಟ್ಟು ಬಿಚ್ಚತೊಡಗಿದಳು.

ಈ ಮಧ್ಯೆ ಅಮ್ಮ, ಬಂದವರಿಗೆ ಒಳ್ಳೆಯ ಕಪ್ಪಿನಲ್ಲಿ ಕಾಫಿ ಕೊಡಬೇಕೆಂದು ಕಪ್ಪು ತರಲು ಸಾಮಾನು ಕೋಣೆಗೆ ಹೋಗಿದ್ದರು. ಕಪ್ಪು ಹುಡುಕುವಾಗ ಎಂದೋ ಕಳೆದುಹೋಗಿದ್ದ ಉಲ್ಲನ್ ದಾರದ ಉಂಡೆ ಸಿಕ್ಕಿತು. ಅದು ಸಿಕ್ಕುಸಿಕ್ಕಾಗಿತ್ತು. ಅಮ್ಮ ಅಲ್ಲೇ ಒಂದು ಅಕ್ಕಿ ಡಬ್ಬದ ಮೇಲೆ ಕೂತು ನಿಧಾನವಾಗಿ ಸಿಕ್ಕು ಬಿಡಿಸತೊಡಗಿದರು.

ಹಾಲಿನಲ್ಲಿ ಪ್ರಿಂಟರ್ ಇದ್ದಕ್ಕಿದ್ದಂತೆ ಗರ್ ಎಂದಿತು. ಎಲ್ಲರೂ ಬೆಚ್ಚಿದರು. ಎಲ್ಲರಿಗಿಂತ ಹೆಚ್ಚು ಬೆಚ್ಚಿದ್ದು ಮೀಟರಪ್ಪನವರು. ಬೆಳಗ್ಗೆ ಒತ್ತಿದ ಗುಂಡಿಯ ಅಪ್ಪಣೆ ಈಗ ತಲುಪಿದ ಹಾಗೆ ಮೊದಲ ಪುಟ ಹೊರಗೆ ಬಂತು. ಮತ್ತೊಂದು ಮೊದಲ ಪುಟ. ಇನ್ನೊಂದು. ಒಂದೊಂದು ಪುಟವನ್ನೂ ಎಲ್ಲರಿಗಾಗುವಷ್ಟು ಹೊಡೆದು ಆಮೇಲೆ ಮುಂದಿನ ಪುಟಕ್ಕೆ ಹೋಗುವುದು ಅದರ ಕ್ರಮ.

“ನೋಡಿದಿರಾ!” ಎಂದು ಮೀಟರಪ್ಪನವರು ಎದೆ ಸೆಟೆಸಿದರು. “ಯಂತ್ರ ಅಂದರೆ ಕೈಚಳಕ ಬೇಕು. ಎಲ್ಲಿ ಮುಟ್ಟಬೇಕೋ ಅಲ್ಲಿ ಮುಟ್ಟಿದೆ!”

“ಎಲ್ಲಿ ಮುಟ್ಟಿದಿರಿ?” ಟೀಚರಮ್ಮ ಕೇಳಿದರು.

“ಅದು... ಒಳಗಿನ ವಿಷಯ.”

ನಿಜಕ್ಕೂ ಒಳಗಿನ ವಿಷಯವೇ. ಏಕೆಂದರೆ ಅಷ್ಟರಲ್ಲಿ ಅಮ್ಮ ಸಿಕ್ಕು ಬಿಡಿಸಿ, ಕಪ್ಪು ಎತ್ತಿಕೊಂಡು, ಮಗನ ಕಾನೂನಿಗೆ ತಲೆಬಾಗಿ ಟಕ್ ಎನ್ನಿಸಿ ಹೊರಗೆ ಬಂದರು. ಪ್ರಿಂಟರ್ ಬಿಕ್ಕಳಿಸಿ ನಿಂತಿತು.

ಹೆಂಡತಿ ಅತ್ತೆಯ ಮುಖ ನೋಡಿದಳು, ದೀಪ ಆರಿದ ಕೋಣೆ ನೋಡಿದಳು, ಪ್ರಿಂಟರ್ ನೋಡಿದಳು. ಎದ್ದು ಹೋಗಿ ಸ್ವಿಚ್ ಒತ್ತಿದಳು. ಸ್ವಲ್ಪ ಹೊತ್ತಿಗೆ ಪ್ರಿಂಟರ್ ಗರ್ ಎಂದಿತು. ಆರಿಸಿದಳು. ನಿಂತಿತು. ಬೆಳಗಿನಿಂದ ಮನೆಯಲ್ಲಿ ಕೇಳಿದ ಟಕ್‌ಗಳೆಲ್ಲ ಅವಳ ಕಿವಿಯಲ್ಲಿ ಒಟ್ಟಿಗೆ ಮೊಳಗಿದವು.

“ರೀ, ಇಲ್ಲಿ ಬನ್ನಿ.”

ಬಂದರು. ಮೀಟರಪ್ಪನವರಿಗೆ ಯಾರೂ ಏನೂ ವಿವರಿಸಬೇಕಾಗಲಿಲ್ಲ. ಸ್ವಿಚ್ಚಿನ ಮೇಲಿದ್ದ ಅವಳ ಬೆರಳು ನೋಡಿದ್ದೇ ತಡ, ಮುಖ ಹರಳೆಣ್ಣೆ ಕುಡಿದಂತಾಯಿತು.

“ಸರಿ, ಉರೀತಾ ಇರಲಿ ಬಿಡು,” ಎಂದು ಪಿಸುಗುಟ್ಟಿದರು.

“ಅದು ಹೇಗೆ? ಜನ ಇಲ್ಲದ ಕೋಣೆಯಲ್ಲಿ ದೀಪ ಉರಿಯೋ ಹಾಗಿಲ್ಲವಲ್ಲ? ಕಾನೂನು ಕಾನೂನೇ. ಹೋಗಿ ಕೂತ್ಕೊಳ್ಳಿ.”

“ನಾನಾ?”

“ಇನ್ಯಾರು? ನೀವೇ ಜನ.”

ಅಮ್ಮ ಎದ್ದುಬಂದಿದ್ದ ಡಬ್ಬದ ಮೇಲೆ ಮೀಟರಪ್ಪನವರು ಕೂತರು. ಹುಟ್ಟಿದಾಗಿನಿಂದ ಒಂದು ಕಡೆ ಕೂತು ಗೊತ್ತಿಲ್ಲದ ಮನುಷ್ಯ. ಕಾಲು ಅಲ್ಲಾಡಿಸಿದರು, ಹಳೆಯ ಪೇಪರುಗಳನ್ನು ನೇರ ಮಾಡಿದರು, ಹಸಿರು ದೀಪ ಎಣಿಸಿದರು. ಹೊರಗೆ ಪುಟಗಳು ಬಂದ ಹಾಗೆ ಹೆಂಗಸರು ಓದತೊಡಗಿದರು. ನರ್ಸಮ್ಮ ರಾಜನ ಪಾತ್ರ ವಹಿಸಿದ್ದರು. ಒಳ್ಳೆಯ ಕಂಚಿನ ಕಂಠ.

“ಯಾರಲ್ಲಿ! ಅಂತಃಪುರದಲ್ಲಿ ಪಂಜು ಉರಿಯುತ್ತಿದೆ! ಯಾರಪ್ಪನ ಮನೆ ಎಣ್ಣೆ ಅಂತ ಉರಿಸ್ತಾ ಇದೀರಿ?”

ಹೆಂಗಸರು ಬಿದ್ದು ಬಿದ್ದು ನಕ್ಕರು. ಮೀಟರಪ್ಪನವರ ಅಲ್ಲಾಡುತ್ತಿದ್ದ ಕಾಲು ನಿಂತಿತು. ಮುಂದಿನ ಪುಟದಲ್ಲಿ ರಾಣಿ ಕತ್ತಲಲ್ಲಿ ಕಂಬಕ್ಕೆ ಡಿಕ್ಕಿ ಹೊಡೆದು “ಇದ್ದೀನಿ ಪ್ರಭೂ, ಇದ್ದೀನಿ!” ಎಂದು ಕೂಗಿದಳು. ಅದರ ಮುಂದಿನ ಪುಟದಲ್ಲಿ ರಾಜ, ಚಂದ್ರನನ್ನು ಆರಿಸಲು ಏಣಿ ತರಿಸಿದ. ಮೂಲೆಮನೆಯಾಕೆಯ ನಗು ಎಲ್ಲರಿಗಿಂತ ಮೇಲೆ ಕೇಳುತ್ತಿತ್ತು. “ಇದೇ ಆಡೋಣ ಕಣ್ರೇ, ಇದೇ!” ಎಂದು ಆಕೆಯೇ ಕೂಗಿದಳು.

ಮೀಟರಪ್ಪನವರು ಕೆಂಡವಾಗಿ ಎದ್ದರು. ಇದು ಐತಿಹಾಸಿಕವಲ್ಲ, ಶುದ್ಧ ಮಾನಹಾನಿ! ಕೈ ಸ್ವಿಚ್ಚಿನವರೆಗೂ ಹೋಯಿತು. ಒಂದು ಟಕ್, ನಾಟಕವೇ ಬಂದ್. ಆದರೆ ಬಾಗಿಲ ಸಂದಿಯಿಂದ ಹೆಂಡತಿಯ ಮುಖ ಕಂಡಿತು. ಇಷ್ಟು ವರ್ಷದಲ್ಲಿ ಆ ಮುಖ ಅಷ್ಟು ಬೆಳಗಿದ್ದನ್ನು ಅವರು ನೋಡಿರಲಿಲ್ಲ. ಕೈ ಹಿಂದಕ್ಕೆ ಬಂತು. ಆ ಕೈಯನ್ನು ಇನ್ನೊಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ಮತ್ತೆ ಡಬ್ಬದ ಮೇಲೆ ಕೂತರು.

ಹೊರಗೆ ರಾಜ ಏಣಿಯ ತುದಿ ಮುಟ್ಟಿದ್ದ. ಕೆಳಗೆ ರಾಣಿ ಏಣಿಯನ್ನು ಹಿಡಿದು ನಿಂತಿದ್ದಳು. ಅಷ್ಟಕ್ಕೆ ಓದು ನಿಂತಿತು. ಮೀಟರಪ್ಪನವರು ಕಿವಿ ನಿಮಿರಿಸಿ ಕಾದರು. ತಡೆಯಲಾಗಲಿಲ್ಲ.

“ಏನೇ!” ಎಂದು ಒಳಗಿನಿಂದ ಕೂಗಿದರು. “ಅವನಿಗೆ ಕೊನೆಗೆ ಏನಾಗುತ್ತೆ?”

“ಆ ಪುಟ ಇನ್ನೂ ಬಂದಿಲ್ಲ,” ಎಂದಳು ಹೆಂಡತಿ. “ಅಲ್ಲೇ ಕೂತಿರಿ.”