ರುಪಾಯಿಗೊಂದು ದೀರ್ಘ

ಕೆಲವರಿಗೆ ನಶ್ಯದ ಚಟ, ಕೆಲವರಿಗೆ ಇಸ್ಪೀಟಿನ ಚಟ. ಅವೆರಡೂ ನನಗಿಲ್ಲವೆಂದು ನನ್ನ ಹೆಂಡತಿ ಹಿಂದೆ ಹೆಮ್ಮೆಪಡುತ್ತಿದ್ದಳು, ಈಗ ಪಡುವುದಿಲ್ಲ. ಇಸ್ಪೀಟಾಡಿದ್ದರೆ ಬರೀ ದುಡ್ಡು ಹೋಗುತ್ತಿತ್ತು. ನನ್ನದು ತಿದ್ದುವ ಚಟ. ಬೆಳಗಾವಿಯ ಶಾಲೆಯೊಂದರಲ್ಲಿ ಕನ್ನಡ ಮಾಸ್ತರನಾಗಿ ಹುಡುಗರ ಕಾಗುಣಿತ ತಿದ್ದಿ ತಿದ್ದಿ ಕೈಗೆ ಅದೇ ರೂಢಿಯಾಗಿಬಿಟ್ಟಿದೆ. ಕಿವಿಯ ಮೇಲೆ ಕೆಂಪು ಪೆನ್ಸಿಲ್ ಇಲ್ಲದಿದ್ದರೆ ತಲೆ ಒಂದು ಕಡೆ ವಾಲಿದಂತಾಗುತ್ತದೆ. ದಂಡಿನ ಕ್ಯಾಂಪಿನ ಕಡೆ ಹೋದರೆ ಅಂಗಡಿಗಳ ಬೋರ್ಡು ತಿದ್ದುತ್ತೇನೆ. ಊಟಕ್ಕೆ ಕರೆದವರ ಅಂಗಳದಲ್ಲಿ ರಂಗೋಲಿಯಿಂದ ಬರೆದಿದ್ದ ‘ಸುಸ್ವಾಗತ’ದಲ್ಲಿ ಹೆಚ್ಚಾಗಿದ್ದ ‘ಸು’ವನ್ನು ಕಾಲ್ಬೆರಳಿನಿಂದ ಅಳಿಸಿ, ಒಮ್ಮೆ ಉಣ್ಣದೆಯೇ ಮನೆಗೆ ಬಂದಿದ್ದೇನೆ. “ನಿಮಗ ಮಂದಿ ಕಾಣಂಗಿಲ್ಲ, ಬರೇ ಕೊಂಬು ದೀರ್ಘ ಕಾಣ್ತಾವ” ಎಂದು ಹೆಂಡತಿ ಅವತ್ತೇ ಹೇಳಿದ್ದಳು. ಆ ಮಾತಿನಲ್ಲಿ ತಿದ್ದುವಂಥದ್ದೇನೂ ಇರಲಿಲ್ಲ.

ನಮ್ಮ ಮಗಳು ಗಂಗೂಗೆ ಖಾನಾಪುರದ ಸಂಬಂಧ ಕೂಡಿಬಂದಿತ್ತು. ಬೀಗರಾಗಬೇಕಿದ್ದ ಚನಬಸಪ್ಪನವರು ಕಟ್ಟಿಗೆ ವ್ಯಾಪಾರಿ. ಅವರ ವ್ಯವಹಾರವೆಲ್ಲ ಮರಾಠಿಯಲ್ಲಿ. ಕನ್ನಡ ಬರೆಯುವುದು ಕಷ್ಟ, ಮನಸ್ಸು ಮಾತ್ರ ಹಾಲಿನಂಥದು. ಹುಡುಗನನ್ನು ನೋಡಿದಂದಿನಿಂದ ಗಂಗೂ ನೀರು ಸೇದುವಾಗಲೂ ಹಾಡುತ್ತಿದ್ದಳು. ನಿಶ್ಚಯದ ದಿನ ಬೀಗಿತಿ ಅವಳ ಉಡಿ ತುಂಬಿ, ಅಕ್ಕಿ, ಕೊಬ್ಬರಿ, ಅರಿಶಿನದ ಕೊಂಬುಗಳ ಮೇಲೆ ಗರಿಗರಿಯಾದ ಹತ್ತರ ನೋಟೊಂದನ್ನು ಇಟ್ಟರು. ಪಗಾರವನ್ನು ಬೆಳ್ಳಿ ನಾಣ್ಯಗಳಲ್ಲೇ ತರುವ ನನಗೆ ನೋಟು ಅಪರೂಪ. ಅವರು ಹೋದ ಮೇಲೆ ಅದನ್ನು ಕೈಗೆತ್ತಿಕೊಂಡು ಓದಿದೆ. ಬೇರೆಯವರು ನೋಟನ್ನು ನೋಡುತ್ತಾರೆ, ನಾನು ಓದಿದೆ! ನಾನಾ ಭಾಷೆಗಳ ನಡುವೆ ನಮ್ಮ ಕನ್ನಡವೂ ಇತ್ತು: ‘ಹತ್ತು ರುಪಾಯಿ’. ರು! ದೀರ್ಘವೇ ಇಲ್ಲ! ಪೇಟೆಯಲ್ಲಿ ಆಗ ಖೋಟಾ ನೋಟುಗಳದೇ ಸುದ್ದಿ. ಇದೂ ಖೋಟಾ ಎಂಬುದರಲ್ಲಿ ನನಗೆ ಅನುಮಾನವೇ ಉಳಿಯಲಿಲ್ಲ.

“ಉಡಿಯಾಗ ಬಂದದ್ದು, ದೇವರ ಮುಂದ ಇಟ್ಟ ಬಿಡ್ರಿ” ಎಂದಳು ಹೆಂಡತಿ. ದೇವರ ಮುಂದೆ ತಪ್ಪು ಕಾಗುಣಿತವೇ? ಮರುದಿನ ಬ್ಯಾಂಕಿನ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತೆ. ಮೆಲ್ಲಗೆ ಹೇಳಬಹುದಿತ್ತು. ಆದರೆ ಹುಡುಗರ ಗದ್ದಲದ ಮೇಲೆ ಪಾಠ ಹೇಳಿದ ಗಂಟಲು ಇದು, ಗುಟ್ಟು ಇದರಿಂದ ಹೊರಡುವುದಿಲ್ಲ. “ಖೋಟಾ ನೋಟು ಬಂದೈತ್ರಿ! ಖಾನಾಪುರದ ಚನಬಸಪ್ಪನವರ ಮನಿಯಿಂದ ಬಂದೈತಿ!” ಎಂದು ಕೂಗಿಯೇಬಿಟ್ಟೆ.

ಕ್ಯಾಶಿಯರ್ ನೋಟನ್ನು ಬೆಳಕಿಗೆ ಹಿಡಿದ, ಬೆರಳಿನಿಂದ ಸವರಿದ. “ನೋಟು ಖರೇ ಐತ್ರಿ ಮಾಸ್ತರ.”

“ದೀರ್ಘ ಎಲ್ಲೈತಿ?”

“ನಮ್ಮ ಕಡೆ ಇರೂ ನೋಟೆಲ್ಲಾ ಹಿಂಗ ಅದಾವ್ರಿ. ಸರಕಾರಕ್ಕ ಇಲ್ಲದ ಕೊಂಬು ನಿಮಗ್ಯಾಕ್ರಿ?”

ಬ್ಯಾಂಕಿಗೆ ಬ್ಯಾಂಕೇ ನಕ್ಕಿತು. ನಕ್ಕವರಲ್ಲಿ ಖಾನಾಪುರದವರೂ ಇದ್ದರು. ಸುದ್ದಿ ನನಗಿಂತ ಮೊದಲು ರೈಲು ಹತ್ತಿತು.

ಬೀಗರ ಕಾಲು ಹಿಡಿಯದೆ ಗತಿಯಿರಲಿಲ್ಲ. ಬರಿಗೈಯಲ್ಲಿ ಹೋಗುವುದು ಹೇಗೆ? ಅಳಿಯನಾಗುವವನಿಗೆ ನಾನೂ ಒಂದು ಹತ್ತರ ನೋಟು ಕೊಡುವುದೆಂದು ನಿಶ್ಚಯಿಸಿದೆ. ಇಲ್ಲಿ ನನ್ನ ಹಣೆಬರಹ ನೋಡಿ. ತಪ್ಪುಕಾಣಿಕೆಯಾದರೂ ತಪ್ಪಿಲ್ಲದ್ದಿರಬೇಡವೇ? ಬೆಳ್ಳಿ ರೂಪಾಯಿಗಳನ್ನು ಗಂಟು ಕಟ್ಟಿಕೊಂಡು ಪೇಟೆಯೆಲ್ಲ ಅಲೆದು, ದೀರ್ಘವಿರುವ ನೋಟು ಬೇಕೆಂದು ಕೇಳಿದೆ. ಎಲ್ಲರೂ ನನ್ನ ಮುಖ ನೋಡಿ ಕಳಿಸಿದರು. ಕೊನೆಗೆ ಸಂತೆಯ ಮೂಲೆಯಲ್ಲಿ ಒಬ್ಬ ಪುಣ್ಯಾತ್ಮ, “ನಿಮ್ಮಂಥಾವ್ರಿಗಂತನ ಇಟ್ಟೀನ್ರಿ” ಎಂದು ಒಂದನ್ನು ತೆಗೆದುಕೊಟ್ಟ. ‘ಹತ್ತು ರೂಪಾಯಿ’! ಎಂಥ ದೀರ್ಘ, ಎಂಥ ದುಂಡಗಿನ ಅಕ್ಷರ! ಕಣ್ಣಿಗೊತ್ತಿಕೊಂಡೆ.

ಚನಬಸಪ್ಪನವರು ದೊಡ್ಡವರು. “ಇರಲಿ ಬಿಡ್ರಿ ಮಾಸ್ತರ, ಹುಡುಗಿ ಮಾರಿ ನೋಡಿ ಅವಮಾನ ನುಂಗೇನಿ” ಎಂದು ಚಹಾ ಕುಡಿಸಿ, ನೋಟು ತೆಗೆದುಕೊಂಡು ಕಳಿಸಿದರು. ಮುಂದಿನ ವಾರ ಅವರು ಹಣ ಕಟ್ಟಲು ಬೆಳಗಾವಿಗೆ ಬಂದಾಗ ಅದೂ ಅದೇ ಬ್ಯಾಂಕಿಗೆ ಹೋಯಿತು. ಕ್ಯಾಶಿಯರ್ ಬೆಳಕಿಗೆ ಹಿಡಿದ. ಈ ಸಲ ನಗಲಿಲ್ಲ, ಪೊಲೀಸರನ್ನು ಕರೆಸಿದ. ಖೋಟಾ ನೋಟು ಮಾಡಿದವನು ಎಲ್ಲವನ್ನೂ ಸರಕಾರದಂತೆಯೇ ಅಚ್ಚು ಹಾಕಿ, ಕನ್ನಡ ಬಂದ ಕೂಡಲೇ ತಡೆಯಲಾರದೆ ತಿದ್ದಿಬಿಟ್ಟಿದ್ದ! ಅವನು ಎಲ್ಲಿ ಕಲಿತವನೋ, ಯಾವ ಮಾಸ್ತರನ ಕೈಯಲ್ಲಿ ಕಲಿತವನೋ, ಯೋಚಿಸಲಿಕ್ಕೂ ನನಗೆ ಭಯ. ಖಾನಾಪುರಕ್ಕೆಲ್ಲ ಮರ್ಯಾದಸ್ಥರಾದ ಚನಬಸಪ್ಪನವರು ಇಡೀ ದಿನ ಪೊಲೀಸ್ ಚೌಕಿಯ ಬೆಂಚಿನ ಮೇಲೆ ಕೂತಿದ್ದರು. ನಾನು ಓಡಿಹೋಗಿ, ನೋಟು ನನ್ನದೆಂದು, ಸಂತೆಯಲ್ಲಿ ಸಿಕ್ಕದ್ದೆಂದು ಹೇಳಿಕೆ ಬರೆದುಕೊಟ್ಟು ಬಿಡಿಸಿದೆ. ಹೊರಗೆ ಬಂದವರು ನನ್ನ ಕಡೆ ನೋಡಲಿಲ್ಲ, ಟಾಂಗಾ ಹತ್ತಿ ಹೋದರು.

ನಿನ್ನೆ ಅವರ ಪತ್ರ ಬಂತು. ಮರಾಠಿಯಲ್ಲಿ ಬರೆದಿದ್ದರೆ ಅವರಿಗೆ ಸುಲಭವಾಗುತ್ತಿತ್ತು. ಮಾಸ್ತರನ ಮೇಲಿನ ಗೌರವಕ್ಕೆ ಕಷ್ಟಪಟ್ಟು ಕನ್ನಡದಲ್ಲೇ ಬರೆದಿದ್ದರು. “ನಿಮ್ಮ ಹುಡುಗಿ ಖರೇ ಬಂಗಾರ. ಆದರ ನಿಮ್ಮ ಸಂಬಂದ ನಮಗ ಬ್ಯಾಡರಿ.” ಅಷ್ಟೇ. ಬಾಗಿಲಲ್ಲಿ ಗಂಗೂ ನಿಂತಿದ್ದಳು.

“ಏನ್ ಬರದಾರಪ್ಪಾ?”

ಅವಳ ಮುಖ ನೋಡಲಾರದೆ ಪತ್ರದ ಕಡೆಗೇ ಕಣ್ಣಿಳಿಸಿದೆ. ‘ಸಂಬಂದ’ದ ದಕಾರಕ್ಕೆ ಕೆಂಪು ಪೆನ್ಸಿಲಿನಿಂದ ಹೊಟ್ಟೆ ಸೀಳಿಯಾಗಿತ್ತು. ಕೈ ಯಾವಾಗ ಕಿವಿಯ ಹತ್ತಿರ ಹೋಗಿತ್ತೋ, ನನಗೇ ಗೊತ್ತಾಗಿರಲಿಲ್ಲ.